‘ಇಲ್ಲ’ ಎಂದು ಬರೆದ ಕೈ ನಮ್ಮದು

ವಯಸ್ಸಾದ ತಂದೆ ತಾಯಿಯರನ್ನು ಪರದೇಶಕ್ಕೆ ಕಳುಹಿಸುವ ಮುನ್ನ ನಾವು ಮಾಡುವ ಸಿದ್ಧತೆಗಳಲ್ಲಿ ಎಲ್ಲಕ್ಕಿಂತ ಬೇಗ ಮುಗಿಯುವುದು ಅವರ ವೈದ್ಯಕೀಯ ವಿಮೆ. ಚಟ್ನಿಪುಡಿ, ಹಪ್ಪಳ, ಮೆಂತ್ಯದ ಹಿಟ್ಟುಗಳ ಪೊಟ್ಟಣ ಕಟ್ಟಲು ಎರಡು ದಿನ ಬೇಕು. ವೀಸಾ ಸಂದರ್ಶನದ ತಾಲೀಮಿಗೆ ಒಂದು ವಾರ ಬೇಕು. ಸೂಟ್‌ಕೇಸನ್ನು ತೂಗಿ, ಬಿಚ್ಚಿ, ಮತ್ತೆ ತುಂಬಿ, ಮತ್ತೆ ತೂಗಲು ಒಂದು ಇಡೀ ಸಂಜೆ ಬೇಕು. ವಿಮೆಗೆ ಹದಿನೈದು ನಿಮಿಷ ಸಾಕು. ಮೊಬೈಲಿನಲ್ಲಿ ನಾಲ್ಕು ಕಂಪನಿಗಳ ಬೆಲೆ ನೋಡಿ, ಅಗ್ಗದ್ದನ್ನು ಆರಿಸಿ, ‘ಕಾಯಿಲೆಗಳೇನಾದರೂ ಇವೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಒತ್ತಿ, ಹಣ ಕಟ್ಟಿ, ‘ಒಂದು ಕೆಲಸ ಮುಗಿಯಿತು’ ಎಂದು ಏಳುತ್ತೇವೆ.

ಈ ಲೇಖನ ಆ ಹದಿನೈದು ನಿಮಿಷಗಳ ವಿರುದ್ಧ. ವಿಮಾ ಕಂಪನಿಗಳ ವಿರುದ್ಧವೂ ಹೌದು, ಅವುಗಳ ಸರದಿ ಮುಂದೆ ಬರುತ್ತದೆ. ಮೊದಲ ದೂರು ನಮ್ಮ ಮೇಲೆಯೇ.

ನಾವು ಎಂದರೆ ಹೊರನಾಡಿನ ಕನ್ನಡಿಗರು. ಈ ವಿಷಯದಲ್ಲಿ ನಮಗೊಂದು ವಿಶೇಷ ಪಾತ್ರವಿದೆ. ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸದ ಉದ್ಘಾಟನೆಯಾದದ್ದು 2025ರ ಜನವರಿಯಲ್ಲಿ. ಅದಕ್ಕೆ ಮುಂಚೆ ದಶಕಗಳ ಕಾಲ ಕರ್ನಾಟಕದ ಹಿರಿಯರು ವೀಸಾಕ್ಕಾಗಿ ಚೆನ್ನೈಗೋ ಹೈದರಾಬಾದಿಗೋ ಮುಂಬಯಿಗೋ ದೆಹಲಿಗೋ ಬರಬೇಕಾಗಿತ್ತು. ಬಂದವರು ಇಳಿಯುತ್ತಿದ್ದುದು ನಮ್ಮ ಮನೆಗಳಲ್ಲಿ. ಅವರ ಫಾರ್ಮು ತುಂಬಿದವರು ನಾವು, ಫೋಟೋ ತೆಗೆಸಿದವರು ನಾವು, ‘ಎಷ್ಟು ದಿನ ಇರುತ್ತೀರಿ ಎಂದು ಕೇಳಿದರೆ ಹೀಗೆ ಹೇಳಿ’ ಎಂದು ಪಾಠ ಮಾಡಿದವರು ನಾವು, ವಿಮೆಯ ಪಾಲಿಸಿ ತೆಗೆಸಿಕೊಟ್ಟವರೂ ನಾವೇ. ಆದ್ದರಿಂದ ಇದು ಅಮೆರಿಕದಲ್ಲಿರುವ ಮಗನ ಅಥವಾ ಮಗಳ ತಪ್ಪು, ನಮ್ಮದಲ್ಲ ಎಂದು ಕೈ ತೊಳೆದುಕೊಳ್ಳುವಂತಿಲ್ಲ.

ನಮ್ಮ ಮನೆಯದನ್ನೇ ಹೇಳುತ್ತೇವೆ. ಅವ್ವನಿಗೆ ಆಗ ಎಪ್ಪತ್ತೆರಡು ವರ್ಷ. ಹದಿನಾಲ್ಕು ವರ್ಷದ ಶುಗರ್, ಅದಕ್ಕೂ ಹಳೆಯ ಬಿಪಿ, ನಾಲ್ಕು ವರ್ಷದ ಹಿಂದೆ ಹೃದಯದ ಒಂದು ರಕ್ತನಾಳಕ್ಕೆ ಹಾಕಿಸಿದ್ದ ಸ್ಟೆಂಟ್. ಟೆಕ್ಸಾಸಿನಲ್ಲಿರುವ ತಮ್ಮನಿಗೆ ಮಗುವಾಗಿತ್ತು. ಮೊದಲ ಮೂರು ತಿಂಗಳು ಬೀಗತಿ ಇದ್ದು ಬಾಣಂತನ ಮಾಡಿ ಮರಳುವವರಿದ್ದರು. ಆಮೇಲೆ ಅವ್ವನ ಸರದಿ. ಧಾರವಾಡದಿಂದ ಮುಂಬಯಿಗೆ ಬಂದು, ನಮ್ಮ ಮನೆಯಲ್ಲಿ ಎಂಟು ದಿನ ಇದ್ದು, ಇಲ್ಲಿಂದ ವಿಮಾನ ಹತ್ತುವುದೆಂದು ಗೊತ್ತಾಗಿತ್ತು. ಹೊರಡುವ ಮೂರು ದಿನ ಮುಂಚೆ, ರಾತ್ರಿ ಊಟವಾದ ಮೇಲೆ, ವಿಮೆಯ ಕೆಲಸಕ್ಕೆ ಕುಳಿತೆವು. ಕಾಯಿಲೆಯ ಪ್ರಶ್ನೆ ಬಂದಾಗ ಎದುರಿಗೇ ಕುಳಿತಿದ್ದ ಅವ್ವ ಕೇಳಿದಳು:

“ಅಲ್ಲೋ, ಎದಿಯೊಳಗ ಸ್ಪ್ರಿಂಗ್ ಹಾಕ್ಯಾರಲ್ಲ, ಅದನ್ನ ಬರದ್ರೇನು?”

“ಬ್ಯಾಡ ಅವ್ವಾ, ಅದನ್ನ ಬರದ್ರ ರೊಕ್ಕ ಎರಡು ಪಟ್ಟು ಆಗ್ತದ. ಯಾರರ ಕೇಳಿದ್ರ ಏನೂ ಇಲ್ಲ ಅನ್ನು.”

ಅವ್ವ ‘ಹೂಂ’ ಎಂದಳು. ಮಕ್ಕಳು ಓದಿದವರು, ಅವರು ಹೇಳಿದ್ದು ಸರಿಯಿರಬೇಕು ಎಂಬ ‘ಹೂಂ’ ಅದು.

ಅಲ್ಲಿಗೆ ಹೋದ ಐದನೆಯ ತಿಂಗಳಿನಲ್ಲಿ ಒಂದು ರಾತ್ರಿ ಅವಳಿಗೆ ಉಸಿರು ಕಟ್ಟಿದಂತಾಗಿ, ಬೆವರು ಇಳಿಯಿತು. ಯಾರನ್ನೂ ಎಬ್ಬಿಸಲಿಲ್ಲ. ಮರುದಿನ ಮಗುವಿಗೆ ಎಣ್ಣೆ ಹಚ್ಚಿ ಎರೆದಳು, ಅಡಿಗೆ ಮಾಡಿದಳು. ಆ ರಾತ್ರಿಯೂ ಹಾಗೆಯೇ ಆಯಿತು. ಮೂರನೆಯ ಬೆಳಿಗ್ಗೆ ಮೆಟ್ಟಿಲ ಮೇಲೆ ಕುಳಿತು ಏಳಲಾಗದೆ ಇದ್ದುದನ್ನು ಸೊಸೆ ಕಂಡಳು. ಆಸ್ಪತ್ರೆಯ ತುರ್ತು ವಿಭಾಗದ ಡಾಕ್ಟರು ಹಿಂದೆ ಹೃದಯದ ತೊಂದರೆ ಏನಾದರೂ ಇತ್ತೇ ಎಂದು ಕೇಳಿದರು. ತಮ್ಮ ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ಅವಳಿಗೆ ಪ್ರಶ್ನೆ ಅರ್ಥವಾಗಿತ್ತು. ‘ಏನೂ ಇಲ್ಲ’ ಎಂದಳು. ತಮ್ಮನೂ ಒಂದು ಕ್ಷಣ ಸುಮ್ಮನಿದ್ದ. ಆ ಕ್ಷಣದ ಬಗ್ಗೆ ಅವನು ಇಂದಿಗೂ ಮಾತಾಡುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೃದಯದ ಚಿತ್ರ ತೆಗೆದಾಗ ಪರದೆಯ ಮೇಲೆ ಸ್ಟೆಂಟ್ ಸ್ಪಷ್ಟವಾಗಿ ಕಂಡಿತು. ನಾವೆಲ್ಲ ಸೇರಿ ಹೇಳಿದ ಸುಳ್ಳನ್ನು ಅವ್ವನ ದೇಹ ಒಪ್ಪಲಿಲ್ಲ.

ಅವ್ವ ಉಳಿದಳು. ಕಂಪನಿ ಹಣ ಕೊಡಲಿಲ್ಲ. ಅರ್ಜಿಯಲ್ಲಿ ಮಾಹಿತಿ ಮರೆಮಾಚಲಾಗಿದೆ ಎಂದು ಎರಡು ಪ್ಯಾರಾದ ಪತ್ರ ಬಂತು. ಆಸ್ಪತ್ರೆಯ ಬಿಲ್ಲನ್ನು ತಮ್ಮ ಇಂದಿಗೂ ಕಂತುಗಳಲ್ಲಿ ಕಟ್ಟುತ್ತಿದ್ದಾನೆ. ಇವೆಲ್ಲವನ್ನೂ ಹೇಗೋ ಸಹಿಸಿಕೊಂಡೆವು. ಸಹಿಸಲಾಗದೆ ಉಳಿದದ್ದು ಅವ್ವ ಆಮೇಲೆ ಹೇಳಿದ ಒಂದು ಮಾತು. ಎರಡು ರಾತ್ರಿ ಯಾಕೆ ಯಾರನ್ನೂ ಕರೆಯಲಿಲ್ಲ ಎಂದು ಕೇಳಿದಾಗ ಅವಳೆಂದಳು: “ಹೇಳಿದ್ರ ನಿಮ್ಮ ಕಾಗದ ಸುಳ್ಳ ಆಗ್ತಿತ್ತಲ್ಲ, ಅದಕ್ಕ ಸುಮ್ಮಿದ್ದೆ.”

ನಾವು ಈ ಲೇಖನದಲ್ಲಿ ವಾದಿಸಬೇಕೆಂದಿರುವುದೆಲ್ಲ ಆ ಒಂದು ಮಾತಿನಲ್ಲಿದೆ. ಫಾರ್ಮಿನಲ್ಲಿ ನಾವು ಬರೆದ ‘ಇಲ್ಲ’ ಕಂಪನಿಗೆ ಹೇಳಿದ ಸುಳ್ಳು ಮಾತ್ರವೆಂದು ನಾವು ತಿಳಿದಿದ್ದೆವು. ಅದು ಅವ್ವನಿಗೆ ಕೊಟ್ಟ ಆಜ್ಞೆಯಾಗಿತ್ತು. ನಿನ್ನ ಕಾಯಿಲೆ ಬಾಯಿಗೆ ಬರಬಾರದು, ನೋವು ಬಂದರೂ ಅದು ಹೊಸದಾಗಿರಬೇಕು, ಡಾಕ್ಟರು ಕೇಳಿದರೂ ಹೇಳಬಾರದು ಎಂಬ ಆಜ್ಞೆ. ಅವಳು ಅದನ್ನು ಅಕ್ಷರಶಃ ಪಾಲಿಸಿದಳು.

ಈಗ ಯಾರಾದರೂ ಕೇಳಬಹುದು: ನಿಜ ಬರೆದಿದ್ದರೆ ಹಣ ಪೂರ್ತಿಯಾಗಿ ಬರುತ್ತಿತ್ತೇ? ಬಹುಶಃ ಬರುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟು ವಾದ ಮಾಡಿದರೆ ನಾವು ಮತ್ತೊಂದು ಸುಳ್ಳು ಹೇಳಿದಂತಾಗುತ್ತದೆ. ಆದರೆ ನಿಜ ಬರೆದಿದ್ದರೆ ಎಷ್ಟು ಬರುವುದಿಲ್ಲ ಎಂಬುದು ಹೊರಡುವ ಮೊದಲೇ ನಮಗೆ ತಿಳಿಯುತ್ತಿತ್ತು. ಅದಕ್ಕೆ ತಕ್ಕ ಹಣವನ್ನು ಬೇರೆ ಎತ್ತಿಡಬಹುದಾಗಿತ್ತು, ಅಥವಾ ಪ್ರಯಾಣವನ್ನೇ ಮರುಯೋಚಿಸಬಹುದಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಮೊದಲ ರಾತ್ರಿಯೇ ಅವ್ವ ಮಗನ ಬಾಗಿಲು ತಟ್ಟುತ್ತಿದ್ದಳು.

ಇನ್ನು ಆ ಕಾಗದದಲ್ಲಿ ಏನಿರುತ್ತದೆ ಎಂಬುದನ್ನು ನೋಡೋಣ. ನಮ್ಮಲ್ಲಿ ಹೆಚ್ಚಿನವರು ನೋಡಿಲ್ಲ. ಅಮೆರಿಕಕ್ಕೆ ಬರುವ ಸಂದರ್ಶಕರಿಗೆಂದು ಅಲ್ಲಿ ಮಾರುವ ವಿಮೆಗಳಲ್ಲಿ ಸ್ಥೂಲವಾಗಿ ಎರಡು ಜಾತಿ. ಒಂದು ನಿಗದಿತ ದರದ್ದು: ದಿನದ ಕೊಠಡಿಗೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು, ಡಾಕ್ಟರ ಒಂದು ಭೇಟಿಗೆ ಇಷ್ಟು ಎಂದು ಪಟ್ಟಿ ಇರುತ್ತದೆ. ಆಸ್ಪತ್ರೆ ಅದರ ಹತ್ತು ಪಟ್ಟು ಕೇಳಿದರೂ ಕಂಪನಿ ಕೊಡುವುದು ಪಟ್ಟಿಯಲ್ಲಿದ್ದಷ್ಟೇ. ಇನ್ನೊಂದು ಸಮಗ್ರ ವಿಮೆ: ಮೊದಲ ಒಂದು ಮೊತ್ತವನ್ನು ನಾವು ಭರಿಸಬೇಕು, ಅದಕ್ಕೆ ಡಿಡಕ್ಟಿಬಲ್ ಎನ್ನುತ್ತಾರೆ, ಅದರ ನಂತರದ್ದನ್ನು ಒಪ್ಪಿದ ಪ್ರಮಾಣದಲ್ಲಿ, ಪಾಲಿಸಿಯ ಮಿತಿಯೊಳಗೆ ಕಂಪನಿ ಭರಿಸುತ್ತದೆ. ಅಗ್ಗವೆಂದು ನಾವು ಹಿಗ್ಗಿ ಆರಿಸುವುದು ಸಾಮಾನ್ಯವಾಗಿ ಮೊದಲನೆಯ ಜಾತಿಯನ್ನು. ನಮ್ಮ ದೇಶದ ಕಂಪನಿಗಳ ಪ್ರವಾಸ ವಿಮೆಗಳಲ್ಲೂ ಒಂದು ವಯಸ್ಸು ದಾಟಿದವರಿಗೆ ಇಂಥದೇ ಒಳಮಿತಿಗಳನ್ನು ಹಾಕಿರುವುದುಂಟು. ಮೇಲ್ಗಡೆ ದಪ್ಪ ಅಕ್ಷರದಲ್ಲಿ ದೊಡ್ಡ ಡಾಲರ್ ಮೊತ್ತ, ಒಳಗಡೆ ಸಣ್ಣ ಅಕ್ಷರದಲ್ಲಿ ಚಿಕ್ಕ ಚಿಕ್ಕ ಗೋಡೆಗಳು.

ಹಳೆಯ ಕಾಯಿಲೆಯ ವಿಷಯಕ್ಕೆ ಬಂದರೆ ಭಾಷೆ ಇನ್ನೂ ಸೂಕ್ಷ್ಮವಾಗುತ್ತದೆ. ಅನೇಕ ಅಮೆರಿಕನ್ ಪಾಲಿಸಿಗಳು ಹಳೆಯ ಕಾಯಿಲೆಯನ್ನು ಒಳಗೊಳ್ಳುವುದಿಲ್ಲ. ಅದರ ‘ಹಠಾತ್ ಉಲ್ಬಣ’ವನ್ನು ಮಾತ್ರ ಒಳಗೊಳ್ಳುತ್ತವೆ. ಯಾವ ಮುನ್ಸೂಚನೆಯೂ ಇಲ್ಲದೆ ಬರಬೇಕು, ತಕ್ಷಣದ ಆರೈಕೆ ಬೇಕಾಗುವಂಥದ್ದಾಗಿರಬೇಕು, ಸಾಮಾನ್ಯವಾಗಿ 24 ಗಂಟೆಯೊಳಗೆ ಚಿಕಿತ್ಸೆ ಪಡೆದಿರಬೇಕು, ಕ್ರಮೇಣ ಬಿಗಡಾಯಿಸಿದ್ದಾಗಿರಬಾರದು. ವಯಸ್ಸು ಹೆಚ್ಚಿದಂತೆ ಈ ಸೌಲಭ್ಯದ ಮೊತ್ತ ಇಳಿಯುತ್ತದೆ ಅಥವಾ ಇಲ್ಲವಾಗುತ್ತದೆ. ನಮ್ಮ ಅವ್ವನ ಎರಡು ರಾತ್ರಿಗಳನ್ನು ಈ ವಾಕ್ಯದ ಪಕ್ಕದಲ್ಲಿಟ್ಟು ನೋಡಿ. ಇಂಥ ಪಾಲಿಸಿಯೇ ಇದ್ದು, ಎಲ್ಲ ನಿಜವನ್ನೇ ಬರೆದಿದ್ದರೂ, ಆ ಮೌನವೊಂದೇ ಹಕ್ಕನ್ನು ಕಳೆಯುತ್ತಿತ್ತು. ಸುಮ್ಮನೆ ತಡೆದುಕೊಳ್ಳುವುದೇ ದೊಡ್ಡ ಗುಣವೆಂದು ಬೆಳೆದ ನಮ್ಮ ತಾಯಂದಿರಿಗೆ ಇಷ್ಟು ಪ್ರತಿಕೂಲವಾದ ವಾಕ್ಯವನ್ನು ಬೇಕೆಂದು ಹುಡುಕಿದರೂ ಬರೆಯಲಾಗದು.

ಕೆನಡಾದ ಕಥೆ ಬೇರೆ ಬಗೆಯದು. ಅಲ್ಲಿನ ಸೂಪರ್ ವೀಸಾ ಪಡೆಯುವ ತಂದೆ ತಾಯಿ, ಅಜ್ಜ ಅಜ್ಜಿಯರಿಗೆ ಕನಿಷ್ಠ 1,00,000 ಕೆನಡಿಯನ್ ಡಾಲರಿನ ವಿಮೆ ಕಡ್ಡಾಯ. ಕಡ್ಡಾಯವಿದೆಯೆಂದು ನಾವು ನಿಶ್ಚಿಂತರಾಗುತ್ತೇವೆ. ಆದರೆ ಅಲ್ಲಿಯ ಪಾಲಿಸಿಗಳಲ್ಲಿ ‘ಸ್ಥಿರತೆ’ಯ ಷರತ್ತು ಇರುತ್ತದೆ: ಪಾಲಿಸಿ ಆರಂಭವಾಗುವ ಮುಂಚಿನ 90 ಅಥವಾ 180 ದಿನ ಕಾಯಿಲೆಯಲ್ಲಿ ಬದಲಾವಣೆ ಆಗಿರಬಾರದು. ಗುಳಿಗೆಯ ಪ್ರಮಾಣ ಹೆಚ್ಚಿಸಿದರಷ್ಟೇ ಅಲ್ಲ, ಅನೇಕ ಪಾಲಿಸಿಗಳಲ್ಲಿ ಕಡಿಮೆ ಮಾಡಿದರೂ ಅದು ಬದಲಾವಣೆಯೇ. ಹೊರಡುವ ಮುನ್ನ ಒಂದು ಸಲ ಎಲ್ಲ ತೋರಿಸಿಬಿಡೋಣ ಎಂದು ಕರೆದೊಯ್ದು, ಡಾಕ್ಟರು ಬಿಪಿಯ ಗುಳಿಗೆಯನ್ನು ಅರ್ಧ ಮಾಡಿದರೆಂದು ಸಂತೋಷಪಡುವ ಮಗನಿಗೆ ತಾನು ಏನನ್ನು ಕಳೆದುಕೊಂಡೆನೆಂಬುದು ತಿಳಿದಿರುವುದಿಲ್ಲ. ಷೆಂಗೆನ್ ದೇಶಗಳು 30,000 ಯೂರೋಗಳ ವಿಮೆ ಕೇಳುತ್ತವೆ. ಅಮೆರಿಕ ಸಂದರ್ಶಕ ವೀಸಾಕ್ಕೆ ವಿಮೆಯನ್ನೇ ಕೇಳುವುದಿಲ್ಲ. ವೀಸಾ ಕೊಡುವವರು ಕೇಳುವುದು ಅವರ ಖಜಾನೆಯ ಸುರಕ್ಷತೆಗಾಗಿ. ಅವರು ಕೇಳಿದಷ್ಟು ಕೊಟ್ಟೆವೆಂದ ಮಾತ್ರಕ್ಕೆ ನಮ್ಮ ತಾಯಿ ಸುರಕ್ಷಿತಳಾದಳು ಎಂದಲ್ಲ.

ಹೀಗಿದ್ದರೂ ನಮ್ಮ ಬಳಗಗಳಲ್ಲಿ ಈ ಮಾತು ಬಂದಾಗಲೆಲ್ಲ ನಾಲ್ಕು ಸಮರ್ಥನೆಗಳು ಏಳುತ್ತವೆ. ಅವುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇವೆ.

ಮೊದಲನೆಯದು: ‘ಆರು ತಿಂಗಳಲ್ಲಿ ಏನಾಗುತ್ತದೆ ಬಿಡಿ.’ ಏನೂ ಆಗುವುದಿಲ್ಲವೆಂಬ ನಂಬಿಕೆ ಅಷ್ಟು ಗಟ್ಟಿಯಾಗಿದ್ದರೆ ವಿಮೆಯನ್ನೇ ಕೊಳ್ಳಬಾರದಾಗಿತ್ತು. ಕೊಂಡಿದ್ದೇವೆಂದರೆ ಏನಾದರೂ ಆಗಬಹುದೆಂದು ನಂಬಿದ್ದೇವೆ. ಆದರೆ ಎಪ್ಪತ್ತು ದಾಟಿದವರಿಗೆ ಆಗಬಹುದಾದದ್ದು ಬಹುಮಟ್ಟಿಗೆ ಅವರ ಹಳೆಯ ಕಾಯಿಲೆಗಳ ದಾರಿಯಲ್ಲೇ ಬರುತ್ತದೆ. ಹೃದಯ, ಮೂತ್ರಪಿಂಡ, ಶುಗರ್, ರಕ್ತದೊತ್ತಡ. ಇವನ್ನೇ ಬಿಟ್ಟು ಕೊಂಡ ವಿಮೆ ಮಳೆಗಾಲವನ್ನು ಬಿಟ್ಟು ಉಳಿದ ಕಾಲಕ್ಕೆಲ್ಲ ಕೊಂಡ ಕೊಡೆಯಂತೆ.

ಎರಡನೆಯದು: ‘ನಿಜ ಬರೆದರೆ ಕೊಡುವುದೇ ಇಲ್ಲ, ಕೊಟ್ಟರೂ ದುಬಾರಿ.’ ಕೆಲವರು ಕೊಡುವುದಿಲ್ಲ, ನಿಜ. ದುಬಾರಿ, ಅದೂ ನಿಜ. ಆ ದುಬಾರಿ ಬೆಲೆಯೇ ಅಪಾಯದ ಅಳತೆ. ಅದನ್ನು ಕೇಳಿ ನಾವು ಬೆಚ್ಚಿಬೀಳುವುದಾದರೆ, ಆ ಅಪಾಯವನ್ನು ವಿಮೆಯಿಲ್ಲದೆ ನಮ್ಮ ತಾಯಿಯ ತಲೆಯ ಮೇಲೆ ಹೊರಿಸಿ ವಿಮಾನ ಹತ್ತಿಸುವಾಗ ಇನ್ನಷ್ಟು ಬೆಚ್ಚಿಬೀಳಬೇಡವೇ? ನಿಜ ಹೇಳಿದಾಗ ಕಂಪನಿ ಕೊಡುವ ‘ಆಗದು’ ಎಂಬ ಉತ್ತರವೂ ಒಂದು ಮಾಹಿತಿ. ಸುಳ್ಳು ಹೇಳಿ ಪಡೆದ ‘ಆಗಲಿ’ ಎಂಬ ಉತ್ತರದಲ್ಲಿ ಯಾವ ಮಾಹಿತಿಯೂ ಇಲ್ಲ. ಪ್ರೀಮಿಯಮ್ಮಿನ ರಸೀದಿ ಮಾತ್ರ ಇದೆ.

ಮೂರನೆಯದು: ‘ಅಲ್ಲಿ ಆಸ್ಪತ್ರೆಯವರು ಚಿಕಿತ್ಸೆ ಕೊಡಲೇಬೇಕೆಂಬ ಕಾನೂನಿದೆ.’ 1986ರ ಒಂದು ಕಾನೂನಿದೆ. ತುರ್ತು ವಿಭಾಗಕ್ಕೆ ಬಂದವರನ್ನು ಹಣವಿದೆಯೇ ಎಂದು ನೋಡದೆ ಪರೀಕ್ಷಿಸಬೇಕು, ಸ್ಥಿತಿಯನ್ನು ಸ್ಥಿರಗೊಳಿಸಬೇಕು ಎಂದು ಅದು ಹೇಳುತ್ತದೆ. ಬಿಲ್ ಕಳುಹಿಸಬಾರದೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಅಲ್ಲಿಯ ಅರವತ್ತೈದು ದಾಟಿದವರಿಗಿರುವ ಸರ್ಕಾರಿ ವಿಮೆ ಸಂದರ್ಶಕರಿಗಿಲ್ಲ. ಮಕ್ಕಳು ಗ್ರೀನ್ ಕಾರ್ಡ್ ಮಾಡಿಸಿಕೊಟ್ಟರೂ ತಾವು ಅಲ್ಲಿ ದುಡಿಯದ ತಂದೆ ತಾಯಿಗಳು ಅದನ್ನು ಹಣ ಕೊಟ್ಟು ಪಡೆಯಲು ಐದು ವರ್ಷ ಸತತವಾಗಿ ಅಲ್ಲಿ ವಾಸಿಸಬೇಕು. ಬ್ರಿಟನ್ನಿನಲ್ಲಿಯೂ ತುರ್ತು ವಿಭಾಗದ ಆರೈಕೆ ಉಚಿತ. ಅಲ್ಲಿಂದ ವಾರ್ಡಿಗೆ ದಾಖಲಾದರೆ ಸಂದರ್ಶಕರಿಗೆ ಲೆಕ್ಕ ಶುರು, ಅದೂ ಅವರ ನಿಗದಿತ ದರದ ಒಂದೂವರೆ ಪಟ್ಟು.

ನಾಲ್ಕನೆಯದು ಎಲ್ಲಕ್ಕಿಂತ ಜನಪ್ರಿಯ: ‘ಕಂಪನಿಗಳು ಹೇಗಿದ್ದರೂ ಮೋಸ ಮಾಡುತ್ತವೆ, ನಾವು ನಿಜ ಹೇಳಿ ಏನು ಬಂತು?’ ಇದಕ್ಕೆ ಉತ್ತರವಾಗಿ ನಮ್ಮ ಸುಪ್ರೀಂ ಕೋರ್ಟಿನ ಒಂದು ತೀರ್ಪು ಇದೆ. 2009ರ ಮೇ ತಿಂಗಳಿನಲ್ಲಿ ಭಾರತೀಯರೊಬ್ಬರು ನೆಂಟರ ಮದುವೆಗೆಂದು ಅಮೆರಿಕಕ್ಕೆ ಹೊರಟು ಪ್ರವಾಸದ ವೈದ್ಯಕೀಯ ವಿಮೆ ಕೊಂಡರು. ತಮಗೆ ಮಧುಮೇಹವಿದೆ ಎಂಬುದನ್ನು ತಿಳಿಸಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿಯೇ ನಿತ್ರಾಣವಾಗಿ, ಬೆವರಿ, ಆಸ್ಪತ್ರೆ ಸೇರಿದರು; ಮೂರು ಸ್ಟೆಂಟ್ ಹಾಕಬೇಕಾಯಿತು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಯ ವಿಷಯ ಹೇಳಿರಲಿಲ್ಲವೆಂಬುದನ್ನು ಮುಂದೆ ಮಾಡಿ ಕಂಪನಿ ಹಣ ನಿರಾಕರಿಸಿತು. ರಾಷ್ಟ್ರೀಯ ಗ್ರಾಹಕ ಆಯೋಗವೂ ಅವರ ದೂರನ್ನು ವಜಾ ಮಾಡಿತು. 2021ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನಮ್ಮ ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಆ ನಿರಾಕರಣೆಯನ್ನು ತಳ್ಳಿಹಾಕಿ ಹಣ ಕೊಡುವಂತೆ ಆದೇಶಿಸಿತು. ಆರೋಗ್ಯದ ಸ್ಥಿತಿಯನ್ನು ತಿಳಿಸಿದ ಮೇಲೆ ಅದನ್ನು ತೂಗಿ ನೋಡಿ ಪಾಲಿಸಿ ಕೊಟ್ಟ ಕಂಪನಿ, ಆಮೇಲೆ ಅದೇ ಸ್ಥಿತಿಯನ್ನು ನೆಪವಾಗಿಸಿ ಹಿಂದೆ ಸರಿಯುವಂತಿಲ್ಲ ಎಂಬುದು ಆ ತೀರ್ಪಿನ ಸಾರ.

ಹನ್ನೆರಡು ವರ್ಷ ಹಿಡಿಯಿತು, ಅದು ನಾಚಿಕೆಗೇಡು. ಆದರೆ ಅವರ ಕೈಯಲ್ಲಿ ಒಂದು ಆಯುಧವಿತ್ತು: ಮುಖ್ಯ ಕಾಯಿಲೆಯನ್ನು ಅವರು ಮುಚ್ಚಿಟ್ಟಿರಲಿಲ್ಲ. ನಮ್ಮ ಕೈಯಲ್ಲಿ ಏನಿತ್ತು? ಕಂಪನಿಯ ಎರಡು ಪ್ಯಾರಾದ ಪತ್ರ ಬಂದಾಗ ನಾವು ವಿಮಾ ಲೋಕಪಾಲರ ಬಳಿ ಹೋಗಬಹುದಿತ್ತು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರು ಎಲ್ಲೆಡೆ ಅವರ ಕಚೇರಿಗಳಿವೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ದೂರು ಕೊಡಬಹುದು. ನಾವು ಹೋಗಲಿಲ್ಲ. ಹೋಗಿ ಏನೆಂದು ಹೇಳುವುದು? ಸುಳ್ಳು ಬರೆದವನಿಗೆ ಮೋಸದ ವಿರುದ್ಧ ದೂರುವ ನಾಲಿಗೆಯೂ ಉಳಿಯುವುದಿಲ್ಲ. ಕಂಪನಿ ನ್ಯಾಯವಾಗಿ ನಡೆದುಕೊಂಡಿತೋ ಅನ್ಯಾಯವಾಗಿ ನಡೆದುಕೊಂಡಿತೋ ಎಂಬ ಪ್ರಶ್ನೆಯನ್ನೇ ನಾವು ಅದಕ್ಕೆ ಉಚಿತವಾಗಿ ಬಿಟ್ಟುಕೊಟ್ಟೆವು.

ಈಗ ಕಂಪನಿಗಳ ಸರದಿ. ವಿಮೆಯ ಕಾನೂನಿಗೆ ಪರಮ ಸದ್ಭಾವ ಎಂಬ ಒಂದು ತತ್ವ ಬುನಾದಿ. ಪತ್ರದಲ್ಲಿ ನಮ್ಮ ಮುಖಕ್ಕೆ ಎಸೆದದ್ದೂ ಅದನ್ನೇ. ಈ ತತ್ವದ ಮೂಲವೆಂದು ಹೇಳುವ ವ್ಯಾಜ್ಯ 1766ರದ್ದು. ಸುಮಾತ್ರಾ ದ್ವೀಪದ ಒಂದು ಕೋಟೆಯ ಮೇಲೆ ಇಳಿಸಿದ್ದ ವಿಮೆ. ಫ್ರೆಂಚರು ಅದನ್ನು ಹಿಡಿದ ಮೇಲೆ ವಿಮೆ ಕೊಟ್ಟವನು, ಕೋಟೆ ದುರ್ಬಲವಾಗಿದ್ದುದನ್ನು ನನಗೆ ಹೇಳಲಿಲ್ಲ ಎಂದು ತಕರಾರು ತೆಗೆದ. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಸದ್ಭಾವದ ತತ್ವವನ್ನು ವಿಸ್ತಾರವಾಗಿ ಹೇಳಿದರು, ಅದು ಎರಡೂ ಪಕ್ಷಗಳನ್ನು ಕಟ್ಟುತ್ತದೆ ಎಂದರು. ಆ ವ್ಯಾಜ್ಯದಲ್ಲಿ ಸೋತವನು ವಿಮೆ ಕೊಟ್ಟವನೇ. ಇನ್ನೂರೈವತ್ತು ವರ್ಷಗಳ ಮೇಲೂ ಈ ಅರ್ಧ ಭಾಗವನ್ನು ಕಂಪನಿಗಳು ಮರೆತಿರುತ್ತವೆ.

ಕೊಳ್ಳುವವರು ಎಲ್ಲವನ್ನೂ ಹೇಳಬೇಕೆನ್ನುವವರು ಮಾರುವಾಗ ತಾವು ಏನನ್ನು ಹೇಳುತ್ತಾರೆ? ಎಪ್ಪತ್ತೆರಡು ವರ್ಷದ ವ್ಯಕ್ತಿಗೆ ಯಾವ ಕಾಯಿಲೆಯೂ ಇಲ್ಲ, ಒಂದು ಗುಳಿಗೆಯೂ ಇಲ್ಲ ಎಂಬ ಅರ್ಜಿ ಬಂದಾಗ ಯಾವ ಕಂಪನಿಗೂ ಅನುಮಾನ ಬರುವುದಿಲ್ಲ. ಪ್ರೀಮಿಯಂ ತೆಗೆದುಕೊಳ್ಳುವಾಗ ಒಂದು ಪ್ರಶ್ನೆಯಿಲ್ಲ, ಒಂದು ಫೋನಿಲ್ಲ. ಅನುಮಾನ ಹುಟ್ಟುವುದು ಕ್ಲೈಮ್ ಬಂದ ದಿನ. ಆ ದಿನ ಔಷಧದಂಗಡಿಯ ಚೀಟಿಯಿಂದ ಹಿಡಿದು ಎಲ್ಲವೂ ಬೇಕಾಗುತ್ತದೆ. ನಮ್ಮ ಸುಳ್ಳು ಅವರಿಗೆ ಕಾಣದೆ ಇರಲಿಲ್ಲ. ಅದನ್ನು ಬೇಕಾದಾಗ ತೆಗೆಯಲೆಂದು ಜೋಪಾನವಾಗಿ ಇಟ್ಟುಕೊಂಡಿದ್ದರು. ಏಜೆಂಟರಂತೂ ‘ಇಲ್ಲ ಎಂದೇ ಹಾಕಿ ಸಾರ್, ಇಲ್ಲದಿದ್ದರೆ ಸುಮ್ಮನೆ ತೊಂದರೆ’ ಎಂದು ಸಲಹೆ ಕೊಡುವುದನ್ನು ನಾವೆಲ್ಲ ಕೇಳಿದ್ದೇವೆ.

ನಿಯಂತ್ರಣ ಪ್ರಾಧಿಕಾರದ ಸುಧಾರಣೆಗಳು ಈ ಪ್ರವಾಸಿಗಳನ್ನು ಬಹುಮಟ್ಟಿಗೆ ಬದಿಗಿಟ್ಟಿವೆ. ದೇಶದೊಳಗಿನ ಆರೋಗ್ಯ ವಿಮೆಯಲ್ಲಿ ಹಳೆಯ ಕಾಯಿಲೆಗಾಗಿ ಕಾಯಿಸುವ ಅವಧಿಯನ್ನು 2024ರಲ್ಲಿ ಗರಿಷ್ಠ 36 ತಿಂಗಳಿಗೆ ಇಳಿಸಲಾಯಿತು. ಒಳ್ಳೆಯದೇ. ಆದರೆ ಆರು ತಿಂಗಳಿಗೆ ಹೋಗಿಬರುವ ಅಜ್ಜಿಗೆ ಮೂವತ್ತಾರು ತಿಂಗಳ ರಿಯಾಯಿತಿಯಿಂದ ಏನಾಗಬೇಕು?

ಇನ್ನು ಭಾಷೆ. ಪಾಲಿಸಿಯಲ್ಲಿ ಹೆಸರಿರುವುದು ಅವ್ವನದು, ಘೋಷಣೆ ಅವ್ವನದು, ಸುಳ್ಳಿನ ಹೊಣೆಯೂ ಅವ್ವನದು. ಅದು ಇದ್ದದ್ದು ಅವಳಿಗೆ ಬಾರದ ಭಾಷೆಯಲ್ಲಿ. ಆರೋಗ್ಯ ವಿಮೆಯ ಪಾಲಿಸಿಗಳ ಜೊತೆ ಸರಳವಾದ ಮಾಹಿತಿ ಪತ್ರವೊಂದನ್ನು ಕೊಡಬೇಕು, ಗ್ರಾಹಕರು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಎಂಬ ನಿಯಮ 2024ರ ಜನವರಿಯಿಂದ ಜಾರಿಯಲ್ಲಿದೆ. ಬಯಸಿದವರು ನಮ್ಮಲ್ಲಿ ಎಷ್ಟು ಮಂದಿ? ನವೆಂಬರ್ ಬಂದರೆ ಮಾಟುಂಗಾದಲ್ಲೂ ಮೈಲಾಪುರದಲ್ಲೂ ಕನ್ನಡಕ್ಕಾಗಿ ಭಾಷಣ ಮಾಡುವ ನಾವು, ನಮ್ಮ ತಾಯಿ ಜೀವದ ಮೇಲೆ ಸಹಿ ಹಾಕುವ ಕಾಗದ ಕನ್ನಡದಲ್ಲಿರಲಿ ಎಂದು ಒಂದು ಈಮೇಲ್ ಬರೆದಿದ್ದೇವೆಯೇ? ಪ್ರವಾಸ ವಿಮೆಗೂ ಈ ಪತ್ರ ಬೇಕು, ಕನ್ನಡದಲ್ಲಿ ಬೇಕು, ಕನ್ನಡಿಗ ಯಾವ ಊರಿನಲ್ಲಿ ಕೊಂಡರೂ ಬೇಕು ಎಂದು ಕೇಳುವುದು ನಮ್ಮ ಸಂಘಗಳಿಗೆ ಹಾರ ತುರಾಯಿಗಳಿಗಿಂತ ಯೋಗ್ಯವಾದ ಕೆಲಸ.

ಒಂದು ಕಹಿ ಮಾತು ಉಳಿದಿದೆ. ನಮ್ಮ ತಾಯಂದಿರು ಯಾಕೆ ಹೋಗುತ್ತಾರೆ? ಮೊಮ್ಮಗನ ಮುಖ ನೋಡಲು ಎನ್ನುತ್ತೇವೆ. ನಿಜವೇ. ಆದರೆ ಬಾಣಂತನಕ್ಕೂ ಹೋಗುತ್ತಾರೆ. ಎರೆಯುವುದು, ಒಗೆಯುವುದು, ಸಾರು ಕುದಿಸುವುದು, ರಾತ್ರಿ ಎದ್ದು ಮಗುವನ್ನು ಎತ್ತಿಕೊಳ್ಳುವುದು. ಅದೇ ಕೆಲಸಕ್ಕೆ ಅಲ್ಲಿ ಒಬ್ಬರನ್ನು ನೇಮಿಸಿಕೊಂಡರೆ ತಿಂಗಳಿಗೆ ಎಷ್ಟಾಗುತ್ತದೆ ಎಂಬುದು ಅಲ್ಲಿರುವ ಮಕ್ಕಳಿಗೆ ಚೆನ್ನಾಗಿ ಗೊತ್ತು. ಆ ಲೆಕ್ಕ ಉಳಿಯಿತೆಂದು ನಿಟ್ಟುಸಿರು ಬಿಡುವ ಮನೆಯಲ್ಲಿಯೇ, ಕೆಲಸಕ್ಕೆ ಬರುವ ಮುದುಕಿಯ ವಿಮೆಯ ಪ್ರೀಮಿಯಮ್ಮಿಗೆ ಚೌಕಾಸಿ ನಡೆಯುತ್ತದೆ. ಇದನ್ನು ಬರೆಯುವಾಗ ನಮ್ಮ ಕೈ ನಡುಗುತ್ತದೆ. ನಮ್ಮ ಮನೆಯಲ್ಲೂ ನಡೆದದ್ದು ಅದೇ. ತೊಟ್ಟಿಲಿಗೆ, ಕಾರಿನ ಮಗುಕುರ್ಚಿಗೆ ಅಗ್ಗದ್ದನ್ನು ಹುಡುಕಲಿಲ್ಲ, ಅವ್ವನಿಗೆ ಹುಡುಕಿದೆವು.

ಹಾಗಾದರೆ ಏನು ಮಾಡಬೇಕು? ಉಪದೇಶದ ಅಧಿಕಾರ ನಮಗಿಲ್ಲ. ಸೋತವರ ಮಾತೆಂದು ಕೇಳಿ. ಟಿಕೆಟ್ ಕೊಳ್ಳುವ ಮುಂಚೆ ವಿಮೆಯ ವಿಚಾರ ಮಾಡಬೇಕು, ಹೊರಡುವ ಮೂರು ದಿನ ಮುಂಚೆ ಅಲ್ಲ. ಬದಿಯಲ್ಲಿ ತಾಯಿಯನ್ನೋ ತಂದೆಯನ್ನೋ ಕೂರಿಸಿಕೊಂಡು ಒಂದು ಹಾಳೆಯಲ್ಲಿ ಎಲ್ಲ ಕಾಯಿಲೆಗಳನ್ನೂ, ಯಾವ ವರ್ಷದಿಂದ ಎಂಬುದನ್ನೂ, ಪ್ರತಿಯೊಂದು ಗುಳಿಗೆಯನ್ನು ಔಷಧದ ಮೂಲ ಹೆಸರು ಮತ್ತು ಪ್ರಮಾಣದೊಂದಿಗೆ ಬರೆಯಬೇಕು. ಅದಕ್ಕೆ ಅವರ ಡಾಕ್ಟರ ಸಹಿ ಹಾಕಿಸಿ, ಒಂದು ಪ್ರತಿ ಅರ್ಜಿಯ ಜೊತೆ, ಒಂದು ಪ್ರತಿ ಅವರ ಕೈಚೀಲದಲ್ಲಿ ಇರಬೇಕು. ಅಲ್ಲಿಯ ಡಾಕ್ಟರು ಕೇಳಿದಾಗ ಅವರು ಬಾಯಿ ಬಿಡಬೇಕಾಗಿಲ್ಲ, ಆ ಹಾಳೆ ಕೊಟ್ಟರೆ ಸಾಕು. ಪಾಲಿಸಿಯ ಪೂರ್ತಿ ಪಠ್ಯವನ್ನು ಕೊಳ್ಳುವ ಮೊದಲೇ ತರಿಸಿ, ಹಳೆಯ ಕಾಯಿಲೆಯ ಕಲಮನ್ನು, ಒಳಮಿತಿಗಳನ್ನು, ಎಷ್ಟು ಗಂಟೆಯೊಳಗೆ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಕನ್ನಡದಲ್ಲಿ ಅವರಿಗೆ ಓದಿ ಹೇಳಬೇಕು. ವಿಮೆಯಲ್ಲಿ ಸಿಗದ ಭಾಗಕ್ಕೆ ಮಕ್ಕಳೆಲ್ಲ ಸೇರಿ ಹಣ ಎತ್ತಿಡಬೇಕು, ಎತ್ತಿಟ್ಟಿದ್ದೇವೆಂದು ಅವರಿಗೆ ತಿಳಿಸಬೇಕು. ಇದು ಯಾವುದೂ ಆಗದೆಂದರೆ ಮಕ್ಕಳೇ ಊರಿಗೆ ಬಂದು ಮಗುವಿನ ಮುಖ ತೋರಿಸಬೇಕು. ಅಪಾಯ ಹೊತ್ತು ಹೋಗಲೇಬೇಕೆಂದು ಅವರೇ ಬಯಸಿದರೆ ಹೋಗಲಿ. ಆದರೆ ತಿಳಿದು ಹೋಗಲಿ. ಆ ತೀರ್ಮಾನ ಅವರದು, ಮೊಬೈಲು ಹಿಡಿದ ನಮ್ಮದಲ್ಲ.

ಹೋದ ವರ್ಷ ತಮ್ಮ ಮಗಳನ್ನು ಕರೆದುಕೊಂಡು ಧಾರವಾಡಕ್ಕೇ ಬಂದಿದ್ದ. ಅವ್ವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತನ್ನ ಗುಳಿಗೆಯ ಡಬ್ಬಿಯನ್ನು ತೋರಿಸುತ್ತಿದ್ದಳು. ಇದು ಶುಗರಿಂದು, ಇದು ಬಿಪಿದು, ಇದು ಎದಿಯೊಳಗಿನ ಸ್ಪ್ರಿಂಗಿಂದು ಎಂದು ಒಂದೊಂದನ್ನೇ ಎತ್ತಿ ಹೇಳುತ್ತಿದ್ದಳು. ಮೂರು ವರ್ಷದ ಕೂಸು ಎಲ್ಲವನ್ನೂ ಕೇಳಿಸಿಕೊಂಡಿತು. ನಾವು ಬಾಗಿಲಲ್ಲಿ ನಿಂತಿದ್ದೆವು. ಅಂದು ಮುಂಬಯಿಯಲ್ಲಿ ನಾವು ಬರೆಯಬೇಕಾಗಿದ್ದ ಉತ್ತರ ಅಷ್ಟೇ ಇತ್ತು.